ಮಲಯಾಳದಲ್ಲಿ ‘ಪ್ರತಿ’ ಅಂದರೆ ಆರೋಪಿ: ಕಾಸರಗೋಡಿನಲ್ಲಿ ಇಂಟರ್ನ್‌ಶಿಪ್ ಮಾಡುವ ಕಾನೂನು ವಿದ್ಯಾರ್ಥಿಗಳಿಗೆ

ನಾನು ಇಂಟರ್ನ್ ಆಗಿ ಕೋರ್ಟಿಗೆ ಹೋಗತೊಡಗಿ ನಾಲ್ಕೈದು ದಿನ ಆಗಿತ್ತು. ವರಾಂಡದ ಬೆಂಚಿನಲ್ಲಿ ಒಬ್ಬರು ಕೂತಿದ್ದರು. ಐವತ್ತು ದಾಟಿದ ಪ್ರಾಯ, ಅಡಿಕೆ ತೋಟದಲ್ಲಿ ಕೆಲಸ, ಮನೆಮಾತು ತುಳು, ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ, ಅದೂ ಕನ್ನಡದಲ್ಲಿ. ಒಳಗಿನಿಂದ ಬಂದ ಒಬ್ಬರು ಇವರನ್ನು ನೋಡಿ, "ನಿಙ್ಙಳಾಣೋ ಪ್ರತಿ?" ಎಂದು ಕೇಳಿದರು. ಇವರು ತಕ್ಷಣ ಪ್ಲಾಸ್ಟಿಕ್ ಚೀಲಕ್ಕೆ ಕೈ ಹಾಕಿ ಒಂದು ಜೆರಾಕ್ಸ್ ಕಾಪಿ ತೆಗೆದು ಕೊಟ್ಟರು.

ಮಲಯಾಳದಲ್ಲಿ ಪ್ರತಿ ಅಂದರೆ ಆರೋಪಿ. ‘ನೀವೇನಾ ಆರೋಪಿ’ ಎಂದು ಕೇಳಿದ್ದಕ್ಕೆ ಅವರು ಪ್ರತಿ ಕೊಟ್ಟರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಆ ನಗು ನಿಂತ ಮೇಲೆ ತಲೆಗೆ ಹೋದ ವಿಷಯವೇ ಈ ಲೇಖನ. ಗಡಿನಾಡಿನ ಕನ್ನಡದ ಹುಡುಗ ಹುಡುಗಿಯರು ಕಾನೂನು ಓದಿ ಇಂಟರ್ನ್‌ಶಿಪ್ ಹುಡುಕುವಾಗ ಬೆಂಗಳೂರು, ಕೊಚ್ಚಿ, ದಿಲ್ಲಿ ಎಂದು ಅರ್ಜಿ ಹಾಕುತ್ತಾರೆ. ದೊಡ್ಡ ಫರ್ಮು, ಏಸಿ ರೂಮು, ಒಂದು ಒಳ್ಳೆಯ ಲೆಟರ್‌ಹೆಡ್ಡಿನ ಸರ್ಟಿಫಿಕೇಟ್. ತಪ್ಪೇನಲ್ಲ. ಆದರೆ ತುಳು, ಕನ್ನಡ, ಮಲಯಾಳ ಮೂರೂ ಬರುವ ವಿದ್ಯಾರ್ಥಿ ಬೆಂಗಳೂರಿನ ಆಫೀಸಿನಲ್ಲಿ ಫೈಲ್ ಜೋಡಿಸುವ ನಲವತ್ತು ಜನರಲ್ಲಿ ಒಬ್ಬ. ಅದೇ ವಿದ್ಯಾರ್ಥಿ ಕಾಸರಗೋಡಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ, ಆರೋಪಿಯ ವಕೀಲರ ಪಕ್ಕದಲ್ಲಿ ನಿಂತರೆ ಅವನ ಬೆಲೆಯೇ ಬೇರೆ. ಯಾಕೆಂದು ಹೇಳುತ್ತೇನೆ.

ಮೊದಲು ನಿಯಮ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ 3 ವರ್ಷದ ಕೋರ್ಸಿನವರು ಒಟ್ಟು ಕನಿಷ್ಠ 12 ವಾರ, 5 ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಒಂದು ವರ್ಷದಲ್ಲಿ ಸತತ 4 ವಾರಕ್ಕಿಂತ ಜಾಸ್ತಿ ಆಗುವ ಹಾಗಿಲ್ಲ. ಇಡೀ ಕೋರ್ಸಿನಲ್ಲಿ ಒಮ್ಮೆಯಾದರೂ ವಿಚಾರಣಾ ಕೋರ್ಟಿನ ವಕೀಲರ ಹತ್ತಿರ ಮತ್ತು ಮೇಲ್ಮನವಿ ನಡೆಸುವ ವಕೀಲರ ಹತ್ತಿರ ಇರಬೇಕು. ಈ ಕೊನೆಯ ಮಾತನ್ನು ಹಲವರು ಮರೆತೇ ಬಿಡುತ್ತಾರೆ. ಕಂಪನಿ, ಎನ್‌ಜಿಒ ಎಲ್ಲ ಮುಗಿಸಿ ಕೊನೆಯ ಸೆಮಿಸ್ಟರಿನಲ್ಲಿ ಓಡಿ ಬಂದು ಯಾರೋ ಪರಿಚಯದ ವಕೀಲರಿಂದ ಸಹಿ ಹಾಕಿಸಿಕೊಳ್ಳುತ್ತಾರೆ.

ಇನ್ನು ಕ್ರಿಮಿನಲ್ ಡಿಫೆನ್ಸ್ ಅಂದರೆ ಎಂತ? ಆರೋಪಿಯ ಪರ ನಿಲ್ಲುವುದು, ಅಷ್ಟೇ. ಮನೆಯಲ್ಲಿ ಹೇಳಿ ನೋಡಿ, "ಕಳ್ಳರ ಪರವಾ ನೀನು?" ಎಂದು ಅಜ್ಜಿ ಕೇಳದಿದ್ದರೆ ಆಶ್ಚರ್ಯ. ನನ್ನ ಅಜ್ಜಿಯೂ ಕೇಳಿದ್ದರು. ಕಳ್ಳ ಹೌದೋ ಅಲ್ವೋ ಎಂದು ತೀರ್ಮಾನ ಆಗುವುದು ಕೇಸು ಮುಗಿದ ಮೇಲೆ ಅಲ್ವಾ ಎಂದೆ. ಸರ್ಕಾರದ ಕಡೆ ಪೊಲೀಸರು ಉಂಟು, ಪ್ರಾಸಿಕ್ಯೂಟರ್ ಉಂಟು, ಲ್ಯಾಬ್ ಉಂಟು. ಈಚೆ ಕಡೆ ಒಬ್ಬ ಮನುಷ್ಯ, ಅವನ ಹೆಂಡತಿ, ಅಡವಿಟ್ಟ ಒಂದು ಬಳೆ. ಅಜ್ಜಿಗೆ ಬಳೆಯ ವಿಷಯ ಅರ್ಥ ಆಯಿತು, ಉಳಿದದ್ದು ಆಗಲಿಲ್ಲ.

ಬಳೆ ಅಡವಿಡದೆಯೂ ವಕೀಲರು ಸಿಗುತ್ತಾರೆ ಎನ್ನುವುದು ನಮ್ಮ ಕಡೆ ಬಹಳ ಜನರಿಗೆ ಗೊತ್ತೇ ಇಲ್ಲ. ಸಂವಿಧಾನದ 39ಎ ವಿಧಿ ಉಚಿತ ಕಾನೂನು ನೆರವಿನ ಮಾತಾಡುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಅದಕ್ಕೆ ಕೈಕಾಲು ಕೊಟ್ಟಿತು. ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ಕ್ಕೆ. ದಿಲ್ಲಿಯಲ್ಲಿ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ), ಕೇರಳಕ್ಕೆ ಕೆಲ್ಸಾ (ರಾಜ್ಯದ ಪ್ರಾಧಿಕಾರ), ಜಿಲ್ಲೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲೂಕಿಗೆ ಒಂದು ಸಮಿತಿ. ಇದರ 12ನೇ ಸೆಕ್ಷನ್ ಓದಿ ನೋಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಜೊತೆಗೆ ಕಸ್ಟಡಿಯಲ್ಲಿ ಇರುವ ಯಾರಾದರೂ ಸರಿ, ಇವರೆಲ್ಲ ಉಚಿತ ವಕೀಲರಿಗೆ ಅರ್ಹರು. ಜೈಲಿನಲ್ಲಿ ಇದ್ದವನ ಆದಾಯ ಎಷ್ಟು ಎಂದು ಕೇಳುವ ಪ್ರಶ್ನೆಯೇ ಬರುವುದಿಲ್ಲ. 15100 ಎಂಬ ನಂಬರಿಗೆ ಫೋನ್ ಮಾಡಿದರೂ ಆಗುತ್ತದೆ.

"ಫ್ರೀ ವಕೀಲರು ಎಂತ ಮಾಡಿಯಾರು" ಎಂಬ ಮಾತು ಉಂಟು. ಆ ಮಾತಿಗೆ ಕಾರಣವೂ ಇತ್ತು. ಹಿಂದೆ ಪ್ಯಾನೆಲ್ ವಕೀಲರು, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿ ಇದ್ದ ಖಾಸಗಿ ವಕೀಲರು, ತಮ್ಮ ಸ್ವಂತ ಕೇಸುಗಳ ನಡುವೆ ಈ ಕೇಸನ್ನೂ ನಡೆಸಬೇಕಿತ್ತು, ಅದಕ್ಕೆ ಸಿಗುತ್ತಿದ್ದದ್ದು ಸಣ್ಣ ಗೌರವಧನ. 2022ರಿಂದ ನಾಲ್ಸಾ ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಎಂಬ ವ್ಯವಸ್ಥೆ ತಂದಿದೆ. ಪ್ರಾಸಿಕ್ಯೂಟರಿಗೆ ಹೇಗೆ ಒಂದು ಆಫೀಸು ಇದೆಯೋ, ಹಾಗೆ ಆರೋಪಿಯ ಕಡೆಗೂ ಒಂದು ಆಫೀಸು. ಒಬ್ಬರು ಚೀಫ್, ಅವರ ಕೆಳಗೆ ಡೆಪ್ಯುಟಿ, ಅಸಿಸ್ಟೆಂಟ್. ಪೂರ್ಣಾವಧಿ ಕೆಲಸ, ಖಾಸಗಿ ಕೇಸು ಹಿಡಿಯುವ ಹಾಗಿಲ್ಲ. ಇಂಟರ್ನ್ ಆಗಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಕಮ್ಮಿ ಎಂದು ನನ್ನ ಅಭಿಪ್ರಾಯ. ಒಂದು ದಿನದಲ್ಲಿ ರಿಮಾಂಡ್ (ಬಂಧಿತನನ್ನು ಕಸ್ಟಡಿಗೆ ಕಳಿಸುವ ಆದೇಶ), ಜಾಮೀನು, ಸಾಕ್ಷಿ ವಿಚಾರಣೆ ಮೂರನ್ನೂ ನೋಡಬಹುದು. ಖಾಸಗಿ ವಕೀಲರ ಹತ್ತಿರ ಮೂರು ವಾರ ಆದರೂ ಒಂದು ರಿಮಾಂಡ್ ನೋಡದೆ ವಾಪಸು ಹೋದವರು ನನಗೆ ಗೊತ್ತು.

ಹಾಗಾದರೆ ವಿದ್ಯಾರ್ಥಿ ಅಲ್ಲಿ ಮಾಡುವುದೇನು?

ವಾದ ಮಾಡುವುದಿಲ್ಲ. ಇದು ಮೊದಲೇ ಸ್ಪಷ್ಟ ಇರಲಿ. 1961ರ ವಕೀಲರ ಕಾಯ್ದೆ ಪ್ರಕಾರ ಕೋರ್ಟಿನಲ್ಲಿ ವಾದಿಸುವ ಹಕ್ಕು ನೋಂದಾಯಿತ ವಕೀಲರಿಗೆ ಮಾತ್ರ. ಇಂಟರ್ನ್ ಗೌನ್ ಹಾಕುವ ಹಾಗಿಲ್ಲ, ಕೊರಳಿಗೆ ಬ್ಯಾಂಡ್ ಕಟ್ಟುವ ಹಾಗಿಲ್ಲ. ಬಿಳಿ ಅಂಗಿ, ಕಪ್ಪು ಟೈ, ಕಪ್ಪು ಕೋಟು, ಮುಚ್ಚಿದ ಬೂಟು ಸಾಕು. ಕಪ್ಪು ಕೋಟು ಕಂಡ ಕೂಡಲೇ ಹಳ್ಳಿಯವರು "ವಕೀಲ್ರೇ" ಎಂದು ಕೈ ಮುಗಿಯುತ್ತಾರೆ. ಆಗ ಸುಮ್ನೆ ಇರಬಾರದು, "ನಾನು ವಿದ್ಯಾರ್ಥಿ" ಎಂದು ಹೇಳಲೇಬೇಕು. ಹೇಳದೆ ಸಲಹೆ ಕೊಟ್ಟು, ಆ ಸಲಹೆ ತಪ್ಪಾಗಿ, ಒಬ್ಬರ ಒಂದು ತಾರೀಕು ತಪ್ಪಿಹೋದದ್ದನ್ನು ನೋಡಿದ್ದೇನೆ.

ಮಾಡುವುದು ಕೇಳಿಸಿಕೊಳ್ಳುವ ಕೆಲಸ. ಓದುವ ಕೆಲಸ. ದಿನ ಎಣಿಸುವ ಕೆಲಸ. ಹೇಳುವಾಗ ಸಣ್ಣದು ಅನಿಸುತ್ತದೆ. ಒಂದೊಂದಾಗಿ ನೋಡುವ.

ಪೊಲೀಸರು ಒಬ್ಬರನ್ನು ಬಂಧಿಸಿದರೆ 24 ಗಂಟೆಯ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಹೊತ್ತು ಬೇರೆ. ಸಂವಿಧಾನದ 22ನೇ ವಿಧಿಯಲ್ಲೇ ಇದು ಇದೆ. ಹಾಜರುಪಡಿಸಿದ ಮೊದಲ ದಿನದಿಂದಲೇ ವಕೀಲರ ನೆರವು ಸಿಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಭಾಗಲ್ಪುರದಲ್ಲಿ ಪೊಲೀಸರು ಖೈದಿಗಳ ಕಣ್ಣು ಕುರುಡು ಮಾಡಿದ ಪ್ರಕರಣದಲ್ಲಿ. ಆರೋಪಿ ಕೇಳಲಿಲ್ಲ ಎಂಬುದು ನೆಪ ಆಗುವುದಿಲ್ಲ, ಹಕ್ಕು ಇದೆ ಎಂದು ಅವನಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ. ಈ ಹಾಜರುಪಡಿಸುವ ಹೊತ್ತು ಉಂಟಲ್ಲ, ಅದು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಆ ಮೂರು ನಿಮಿಷಕ್ಕೆ ಮೊದಲು ಡಿಫೆನ್ಸ್ ಕೌನ್ಸೆಲ್ ಆರೋಪಿಯ ಜೊತೆ ವರಾಂಡದಲ್ಲಿ ಮಾತಾಡಲು ಸಿಗುವುದು ಹತ್ತು ನಿಮಿಷ ಇರಬಹುದು. ಹೊಡೆದರಾ? ಮನೆಯವರಿಗೆ ತಿಳಿಸಿದ್ದಾರಾ? ಎಷ್ಟು ಗಂಟೆಗೆ ಕರೆದುಕೊಂಡು ಹೋದರು? ಯಾವ ಔಷಧಿ ತೆಗೆದುಕೊಳ್ಳುತ್ತೀರಿ? ಇಷ್ಟನ್ನು ಆತನ ಮಾತಿನಲ್ಲಿ ಕೇಳಿ, ವಕೀಲರಿಗೆ ಅವರ ಮಾತಿನಲ್ಲಿ ಹೇಳಬಲ್ಲ ಒಬ್ಬರು ಪಕ್ಕದಲ್ಲಿ ಇದ್ದರೆ ಆ ಹತ್ತು ನಿಮಿಷ ಇಪ್ಪತ್ತು ಆಗುತ್ತದೆ.

ಇಲ್ಲಿ ಒಂದು ಹೊಸ ವಿಷಯ, ಗಡಿನಾಡಿನವರು ಮನೆ ಗೋಡೆಗೆ ಬರೆದಿಡಬೇಕಾದದ್ದು. ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಡಬೇಕು, ಅದೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿದೆ. ಮುಂಬಯಿಯ ಒಂದು ಕಾರು ಅಪಘಾತದ ಪ್ರಕರಣದಿಂದ ಹುಟ್ಟಿದ ತೀರ್ಪು ಅದು. ಬಂಧಿಸುವಾಗಲೇ ಬರೆದು ಕೊಡಲು ಆಗದ ಸಂದರ್ಭ ಇದ್ದರೆ ಬಾಯಿಮಾತಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಕನಿಷ್ಠ 2 ಗಂಟೆ ಮೊದಲು ಕಾಗದ ಕೈಗೆ ಕೊಡಬೇಕು. ಇಲ್ಲದಿದ್ದರೆ ಆ ಬಂಧನವೇ ಕಾನೂನುಬಾಹಿರ. ನಮ್ಮ ಜಿಲ್ಲೆಯ ಎಣ್ಮಕಜೆಯ ಮೂಲೆಯಲ್ಲಿ ಇರುವ, ಕನ್ನಡ ಮಾತ್ರ ಓದಲು ಬರುವ ಒಬ್ಬನಿಗೆ ಮಲಯಾಳದಲ್ಲಿ ಟೈಪ್ ಮಾಡಿದ ಹಾಳೆ ಕೊಟ್ಟು ಸಹಿ ಹಾಕಿಸಿದರೆ ಅದನ್ನು ಕೊಟ್ಟ ಹಾಗೆ ಎಂದು ಲೆಕ್ಕ ಹಾಕಬಹುದಾ? ಆ ಹಾಳೆ ಯಾವ ಭಾಷೆಯಲ್ಲಿ ಇದೆ, ಆತ ಅದನ್ನು ಓದಬಲ್ಲನಾ, ಎಷ್ಟು ಗಂಟೆಗೆ ಕೊಟ್ಟರು, ಇಷ್ಟನ್ನು ಗಮನಿಸಿ ವಕೀಲರ ಕಿವಿಗೆ ಹಾಕಲು ಕಾನೂನು ಪದವಿ ಬೇಕಾಗಿಲ್ಲ. ಕಣ್ಣು ಇದ್ದರೆ ಸಾಕು.

ಭಾಷೆಯ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಸಪ್ತಭಾಷೆಗಳ ನಾಡು ಎಂದು ನಾವು ಸ್ಟೇಜಿನಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಕೋರ್ಟಿನೊಳಗೆ ಆ ಏಳರಲ್ಲಿ ಎಷ್ಟು ಕೇಳಿಸುತ್ತದೆ ಎಂದು ಒಂದು ದಿನ ಕೂತು ಎಣಿಸಿ. ‘ಪ್ರತಿ’ಯ ಹಾಗೆ ದಾರಿ ತಪ್ಪಿಸುವ ಪದಗಳು ಇನ್ನೂ ಉಂಟು. ಅವರ ಅಪೇಕ್ಷ ಅಂದರೆ ಅರ್ಜಿ, ನಮ್ಮ ಅಪೇಕ್ಷೆ ಅಂದರೆ ಆಸೆ. ಕೋರ್ಟಿನಲ್ಲಿ ಅವರ ವಿಧಿ ಅಂದರೆ ತೀರ್ಪು, ನಮ್ಮ ಊರಲ್ಲಿ ವಿಧಿ ಅಂದರೆ ಹಣೆಬರಹ (ಎರಡೂ ಒಂದೇ ಎನ್ನುವ ಕಕ್ಷಿದಾರರೂ ಇದ್ದಾರೆ). ಅವಧಿ ಅವರಿಗೆ ರಜೆ, ನಮಗೆ ಕಾಲಮಿತಿ. ವಿಚಾರಣ ಎಂದರೆ ಅಲ್ಲಿ ಕೇಸಿನ ಟ್ರಯಲ್, ಸಾಕ್ಷಿಗಳು ಬಂದು ನಿಲ್ಲುವ ಮುಖ್ಯ ಘಟ್ಟ. ನಮ್ಮವರಿಗೆ ವಿಚಾರಣೆ ಎಂದರೆ ಪೊಲೀಸರು ಕರೆದು ನಾಲ್ಕು ಪ್ರಶ್ನೆ ಕೇಳುವುದು. "ಸೋಮವಾರ ವಿಚಾರಣ" ಎಂದು ಹೇಳಿ ಕಳಿಸಿದರೆ ಅವರು ಅದನ್ನು ಹಗುರ ತೆಗೆದುಕೊಂಡು ಮದುವೆಗೆ ಹೋಗುತ್ತಾರೆ. ಮಂಗಳವಾರ ವಾರಂಟ್.

ಇದಕ್ಕಿಂತ ಅಪಾಯ ತರ್ಜುಮೆಯಲ್ಲಿ ಉಂಟು. ಒಂದು ಉದಾಹರಣೆ ಕೊಡುತ್ತೇನೆ, ಹೆಸರು ಊರು ಬೇಡ. ಜಾಗದ ಗಡಿಯ ಜಗಳ. ಆರೋಪಿ ನನ್ನ ಹತ್ತಿರ ಹೇಳಿದ ಮಾತು: "ನಾನು ದೂರದಿಂದಲೇ ಅವನಿಗೆ ಕೈ ಮಾಡಿದೆ, ಅವ ನಿಲ್ಲಲಿಲ್ಲ." ನಾನು ಅದನ್ನು ವಕೀಲರಿಗೆ ಮಲಯಾಳದಲ್ಲಿ ಹೇಳುವಾಗ ಅರೆಕ್ಷಣ ತಡೆದೆ. ಬಸ್ಸಿಗೆ ಕೈ ಮಾಡುವುದು ಅಂದರೆ ನಿಲ್ಲಿಸಲು ಸನ್ನೆ ಮಾಡುವುದು. ಒಬ್ಬನ ಮೇಲೆ ಕೈ ಮಾಡುವುದು ಅಂದರೆ ಹೊಡೆಯುವುದು. ‘ಅವನಿಗೆ’ ಎಂಬ ಒಂದು ವಿಭಕ್ತಿ ಜಾರಿ ‘ಅವನ ಮೇಲೆ’ ಆದರೆ ಆ ಮನುಷ್ಯ ಹಲ್ಲೆಯನ್ನು ತಾನೇ ಒಪ್ಪಿಕೊಂಡ ಹಾಗೆ. ಅದೇ ಕೇಸಿನಲ್ಲಿ ಇನ್ನೊಂದು ಪದ, ಕತ್ತಿ. ಘಟ್ಟದ ಮೇಲಿನ ಕನ್ನಡದಲ್ಲಿ ಕತ್ತಿ ಅಂದರೆ ರಾಜರ ಸೊಂಟದಲ್ಲಿ ಇರುವುದು. ನಮ್ಮಲ್ಲಿ ಹುಲ್ಲು ಕೊಯ್ಯಲು, ಸೋಗೆ ಕಡಿಯಲು ತೋಟಕ್ಕೆ ಹೋಗುವವರ ಕೈಯಲ್ಲಿ ಯಾವಾಗಲೂ ಇರುವ ಸಾಮಾನು. "ಕೈಯಲ್ಲಿ ಕತ್ತಿ ಇತ್ತಾ?" ಎಂದು ಕೇಳಿದರೆ "ಇತ್ತು, ಇಲ್ಲದೆ?" ಎಂದು ಅವರು ನೇರ ಹೇಳುತ್ತಾರೆ. ಐಪಿಸಿಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯ ಗಾಯಕ್ಕೆ ಸೆಕ್ಷನ್ 115(2), ಗರಿಷ್ಠ 1 ವರ್ಷ. ಅಪಾಯಕಾರಿ ಆಯುಧದಿಂದ ಆದ ಗಾಯಕ್ಕೆ 118(1), ಗರಿಷ್ಠ 3 ವರ್ಷ. ಕತ್ತಿ ಕೈಯಲ್ಲಿ ಇತ್ತು ಎನ್ನುವುದಕ್ಕೂ ಕತ್ತಿಯಿಂದ ಗಾಯ ಆಯಿತು ಎನ್ನುವುದಕ್ಕೂ ನಡುವೆ ಎರಡು ವರ್ಷ ಜೈಲು ಕೂತಿದೆ.

ಹಾಗಾಗಿ ತರ್ಜುಮೆ ಮಾಡುವಾಗ ಚಂದ ಮಾಡಲು ಹೋಗಬೇಡಿ. ಸಾರಾಂಶ ಹೇಳಬೇಡಿ. ಅವರು ‘ನಾನು’ ಎಂದರೆ ನೀವೂ ‘ನಾನು’ ಎಂದೇ ಹೇಳಿ. ಅರ್ಥ ಎರಡು ಬರುತ್ತದೆ ಎಂದಾದರೆ ಎರಡೂ ಬರುತ್ತದೆ ಎಂದು ವಕೀಲರಿಗೆ ತಿಳಿಸಿ, ನೀವೇ ಒಂದನ್ನು ಆರಿಸಬೇಡಿ. ಕೋರ್ಟಿನೊಳಗೆ ಅಧಿಕೃತ ದುಭಾಷಿ ಬೇರೆ, ಅದು ನಿಮ್ಮ ಕೆಲಸ ಅಲ್ಲ. ಆದರೆ ಕಾನೂನು ಗೊತ್ತಿರಲಿ. ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 314ನೇ ಸೆಕ್ಷನ್ ಪ್ರಕಾರ ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ, ತೆರೆದ ಕೋರ್ಟಿನಲ್ಲಿ, ಹೇಳಬೇಕು. ದುಭಾಷಿ ಸತ್ಯವಾಗಿ ಅನುವಾದಿಸಲು ಬದ್ಧ, ಅದು 317. ಇದು ಬೇಕು ಎಂದು ಯಾರಾದರೂ ಎದ್ದು ಕೇಳಬೇಕು. ಕೇಳುವುದು ವಕೀಲರು. ಅವರಿಗೆ ನೆನಪು ಮಾಡುವುದು ನೀವು. ಚಾರ್ಜ್‌ಶೀಟ್ ಆರೋಪಿಯ ಭಾಷೆಯಲ್ಲೇ ಇರಬೇಕಾ? ಹಾಗೇನೂ ಇಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರೋಪಿಗೂ ಅವನ ವಕೀಲರಿಗೂ ಇಬ್ಬರಿಗೂ ಆ ಭಾಷೆ ಬಾರದಿದ್ದರೆ ಮಾತ್ರ ಅನುವಾದ ಕೇಳಬಹುದು. ವಕೀಲರಿಗೆ ಮಲಯಾಳ ಬಂದರೆ ಸಾಕು ಎಂದಾಯಿತು. ಆಗ ಆರೋಪಿಗೆ ತನ್ನ ಮೇಲಿನ ಆರೋಪ ಕನ್ನಡದಲ್ಲಿ ಹೇಳುವವರು ಯಾರು? ನನ್ನ ನಾಲ್ಕು ವಾರದಲ್ಲಿ ನಾನು ಅತಿ ಹೆಚ್ಚು ಮಾಡಿದ ಕೆಲಸ ಇದೇ. ವರಾಂಡದಲ್ಲಿ ಕೂತು, ಚಾರ್ಜ್‌ಶೀಟಿನ ಒಂದೊಂದು ಪುಟ ಓದಿ ಹೇಳುವುದು.

ಓದಿ ಹೇಳಲು ಮಲಯಾಳ ಓದಲು ಬರಬೇಕು. ನಮ್ಮಲ್ಲಿ ಕನ್ನಡ ಮೀಡಿಯಂ ಕಲಿತ ಹಲವರಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನನಗೂ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ಓದುವಷ್ಟು ಸಾಕಾಗುವುದಿಲ್ಲ, ಪೊಲೀಸರ ಕೈಬರಹ ಓದಬೇಕು. ಅದು ಬೇರೆಯೇ ಲಿಪಿ ಮಾರಾಯ್ರೇ. ಎರಡು ತಿಂಗಳು ಮೊದಲೇ ಶುರು ಮಾಡಿ.

ತಪ್ಪೊಪ್ಪಿಗೆಯ ವಿಷಯಕ್ಕೆ ಬರುತ್ತೇನೆ. ಸಣ್ಣ ಕೇಸುಗಳಲ್ಲಿ ಮ್ಯಾಜಿಸ್ಟ್ರೇಟರು ಆರೋಪ ಏನೆಂದು ತಿಳಿಸಿ, ಒಪ್ಪಿಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಒಪ್ಪಿಕೊಂಡರೆ ಅಲ್ಲೇ ಶಿಕ್ಷೆ ವಿಧಿಸಬಹುದು, ಹೆಚ್ಚಾಗಿ ದಂಡ. ನಮ್ಮವರಿಗೆ ದೊಡ್ಡವರು ಮಾತಾಡುವಾಗ "ಹಾಂ, ಹಾಂ" ಎಂದು ತಲೆ ಆಡಿಸುವ ಅಭ್ಯಾಸ. ಕೇಳಿಸುತ್ತಾ ಉಂಟು ಎಂದು ಅರ್ಥ, ಒಪ್ಪಿದೆ ಎಂದಲ್ಲ. ಸಾಲದ್ದಕ್ಕೆ "ದಂಡ ಕಟ್ಟಿ ಮುಗಿಸಿ, ಯಾಕೆ ಅಲೆದಾಟ" ಎಂದು ಹೇಳಿಕೊಡುವವರು ಹೊರಗೆ ಧಾರಾಳ. ಎರಡು ಸಾವಿರ ಕಟ್ಟಿ ಮನೆಗೆ ಹೋದ ಹುಡುಗ ಎರಡು ವರ್ಷ ಬಿಟ್ಟು ಗಲ್ಫಿಗೆ ಹೊರಡುವಾಗ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ ಮೇಲೆ ಹಳೆಯ ಶಿಕ್ಷೆ ಎದ್ದು ಬರುತ್ತದೆ. ಮನೆಮನೆಯಿಂದ ಒಬ್ಬರು ಗಲ್ಫಿಗೆ ಹೋಗುವ ಜಿಲ್ಲೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಒಪ್ಪಿಕೊಳ್ಳಬೇಕೋ ಬೇಡವೋ ಎಂಬುದು ಕಕ್ಷಿದಾರ ಮತ್ತು ವಕೀಲರ ತೀರ್ಮಾನ. ಅದರ ಹಿಂದೆ ಏನೇನು ಉಂಟು ಎಂದು ಆತನಿಗೆ ಅರ್ಥ ಆಗಿದೆಯಾ ಎಂದು ನೋಡುವುದು ಮಾತ್ರ ನಿಮ್ಮಿಂದಲೂ ಆಗುತ್ತದೆ.

ಈಗ ಜಾಮೀನು. ಜಾಮೀನು ಸಿಗುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಸಿಕ್ಕಿದ ಮೇಲೂ ಹೊರಗೆ ಬರಲು ಆಗದವರ ಬಗ್ಗೆ ಯಾರೂ ಹೇಳುವುದಿಲ್ಲ. ಇಬ್ಬರು ಜಾಮೀನುದಾರರು ಬೇಕು, ಅವರ ಹೆಸರಲ್ಲಿ ಜಾಗ ಇರಬೇಕು, ತೆರಿಗೆ ಕಟ್ಟಿದ ರಸೀದಿ ಬೇಕು. ಇಲ್ಲಿ ಗಡಿಯ ತಮಾಷೆ ನೋಡಿ. ಆರೋಪಿ ಪೆರ್ಲದಲ್ಲಿ ಬಾಡಿಗೆ ಮನೆಯಲ್ಲಿ ಇರುವವ, ಅಣ್ಣತಮ್ಮಂದಿರು, ಭಾವ ಎಲ್ಲ ಪುತ್ತೂರು, ವಿಟ್ಲದ ಕಡೆ. ಅವರ ಹತ್ತಿರ ಇರುವುದು ಕರ್ನಾಟಕದ ಪಹಣಿ, ಅದೂ ಕನ್ನಡದಲ್ಲಿ. ಒಂದು ಕಡೆ ಆ ಪಹಣಿ ನೋಡಿ, "ಇದು ಬೇರೆ ರಾಜ್ಯದ್ದು, ಆಗುವುದಿಲ್ಲ" ಎಂದು ಮೇಜಿನಿಂದಲೇ ವಾಪಸು ಕೊಟ್ಟದ್ದನ್ನು ನಾನು ನೋಡಿದೆ. ಭಾವ ಬೆಳಿಗ್ಗೆ ಐದು ಗಂಟೆಗೆ ಹೊರಟು, ಎರಡು ಬಸ್ಸು ಬದಲಿಸಿ ಬಂದವರು. ಏನೂ ಮಾತಾಡದೆ ಪಹಣಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು.

ನಮ್ಮ ಸೀನಿಯರ್ ವಕೀಲರು ಸಂಜೆ ನನಗೆ 1978ರ ಮೋತಿರಾಮ್ ತೀರ್ಪನ್ನು ಓದಲು ಕೊಟ್ಟರು. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನ ಕೇಸು ಅದು. 10,000 ರೂಪಾಯಿಯ ಜಾಮೀನು ಕೇಳಿದರು, ಸಹೋದರ ಜಾಮೀನು ನಿಲ್ಲಲು ಬಂದರೆ ಅವನ ಆಸ್ತಿ ಬೇರೆ ಜಿಲ್ಲೆಯದ್ದು ಎಂದು ತಿರಸ್ಕರಿಸಿದರು. ತೀರ್ಪು ಬರೆದವರು ವಿ. ಆರ್. ಕೃಷ್ಣ ಅಯ್ಯರ್. ನಮ್ಮ ಪಕ್ಕದ ತಲಶ್ಶೇರಿಯಲ್ಲಿ ವಕೀಲಿಕೆ ಮಾಡಿದವರು, 1957ರ ಕೇರಳ ಸರ್ಕಾರದಲ್ಲಿ ಮಂತ್ರಿಯೂ ಆಗಿದ್ದವರು. ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತರಿನಲ್ಲೋ ಪೋರ್ಟ್‌ಬ್ಲೇರಿನಲ್ಲೋ ಬಂಧನವಾದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರರನ್ನು ಎಲ್ಲಿಂದ ತರಬೇಕು ಎಂದು ಅವರು ಅದರಲ್ಲಿ ಕೇಳಿದ್ದಾರೆ. ಬಸ್ತರ್ ಯಾಕೆ, ನಮ್ಮ ಗಡಿಯ ತಲಪಾಡಿ ಸಾಕು ಎಂದು ನನಗೆ ಅನಿಸಿತು. ಆ ಗಾರೆ ಕೆಲಸದವನನ್ನು ಸುಪ್ರೀಂ ಕೋರ್ಟ್ ಬಿಟ್ಟದ್ದು 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ. ಮರುದಿನ ನಾನು ಆ ತೀರ್ಪಿನ ಪ್ರಿಂಟ್ ತೆಗೆದು, ಪಹಣಿಯಲ್ಲಿ ಇರುವುದನ್ನು ಇಂಗ್ಲಿಷಿಗೆ ಮಾಡಿ ಕೊಟ್ಟೆ. ಸೀನಿಯರ್ ಸಹಿ ಹಾಕಿ ಅರ್ಜಿಯ ಜೊತೆ ಇಟ್ಟರು. ಮೂರನೇ ದಿನಕ್ಕೆ ಜಾಮೀನು ಸ್ವೀಕಾರ ಆಯಿತು.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆಂದೇ ಕೆಲವು ಸೂಚನೆ ಕೊಟ್ಟಿದೆ. ಜಾಮೀನು ಆದೇಶದ ಪ್ರತಿ (ನಮ್ಮ ಅರ್ಥದ ಪ್ರತಿ) ಅದೇ ದಿನ ಅಥವಾ ಮರುದಿನ ಇಮೇಲಿನಲ್ಲಿ ಜೈಲಿಗೆ ಹೋಗಬೇಕು. 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನ ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನು ಒದಗಿಸಲು ಆಗದಿದ್ದರೆ ಕೋರ್ಟು ತಾನಾಗಿಯೇ ಶರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಬಡ ಖೈದಿಗಳಿಗೆ ಜಾಮೀನಿನ ಹಣಕ್ಕೆ ನೆರವು ಕೊಡುವ ಕೇಂದ್ರದ ಯೋಜನೆಯೂ 2023ರಿಂದ ಉಂಟು. ಯೋಜನೆ ಉಂಟು, ಆದರೆ ಯಾರು ಅರ್ಹರು ಎಂದು ಪಟ್ಟಿ ಹಿಡಿದು ಹುಡುಕುವ ಕೈಗಳು ಕಮ್ಮಿ. ಅಲ್ಲಿ ಇಂಟರ್ನ್ ಬೇಕು.

ದಿನ ಎಣಿಸುವ ಕೆಲಸ ಎಂದೆನಲ್ಲ, ಅದು ಇದು. ಪೊಲೀಸರು 60 ದಿನದೊಳಗೆ, ದೊಡ್ಡ ಅಪರಾಧಗಳಾದರೆ 90 ದಿನದೊಳಗೆ, ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಕೇಳಬೇಕು. ಕೇಳದೆ ಕೂತು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದರೆ ಹಕ್ಕು ಹೋಯಿತು. ಎಣಿಕೆ ರಿಮಾಂಡ್ ಆದ ದಿನವನ್ನೂ ಸೇರಿಸಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಹಾಗೆಯೇ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗದವ ಈಗಿನ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ, ಉಳಿದವರು ಅರ್ಧ ಕಳೆದಿದ್ದರೆ, ಬಿಡುಗಡೆಗೆ ದಾರಿ ಉಂಟು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಇಲ್ಲ, ಅವನ ಮೇಲೆ ಬೇರೆ ಕೇಸು ಬಾಕಿ ಇದ್ದರೂ ತೊಡಕು. ದೇಶದ ಜೈಲುಗಳಲ್ಲಿ ಇರುವ ನಾಲ್ವರಲ್ಲಿ ಮೂವರು ಇನ್ನೂ ತೀರ್ಪು ಆಗದವರು ಎಂಬುದನ್ನು ನೆನಪಿಟ್ಟರೆ ಒಂದು ಪೆನ್ಸಿಲ್, ಒಂದು ಕ್ಯಾಲೆಂಡರ್ ಎಷ್ಟು ದೊಡ್ಡ ಸಾಧನ ಎಂದು ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯ ವಿಶೇಷ ಕೇಸು ಅಬ್ಕಾರಿ. ಕರ್ನಾಟಕದ ಟೆಟ್ರಾಪ್ಯಾಕ್ ಮದ್ಯ ಗಡಿ ದಾಟಿದ ಕೂಡಲೇ ಕೇರಳದ ಅಬ್ಕಾರಿ ಕಾಯ್ದೆಯ ಕೆಳಗೆ ಬರುತ್ತದೆ, 10 ವರ್ಷದವರೆಗೆ ಶಿಕ್ಷೆ, ಕನಿಷ್ಠ 1 ಲಕ್ಷ ದಂಡ. ಆಚೆ ಅಂಗಡಿಯಲ್ಲಿ ಬಿಲ್ ಕೊಟ್ಟು ಮಾರುವ ಸಾಮಾನಿಗೆ ಈಚೆ ಹತ್ತು ವರ್ಷವಾ ಎಂದು ಆರೋಪಿಗಳೇ ನಂಬುವುದಿಲ್ಲ. ಇಂತಹ ಫೈಲಿನಲ್ಲಿ ಇಂಟರ್ನ್ ನೋಡಬೇಕಾದದ್ದು ಮಹಜರು. ಎಷ್ಟು ಗಂಟೆಗೆ ಹಿಡಿದರು, ಸ್ಯಾಂಪಲ್ ಅಲ್ಲೇ ತೆಗೆದರಾ, ಹಾಕಿದ ಸೀಲಿನ ಮಾದರಿ ಮಹಜರಿನಲ್ಲೂ ಲ್ಯಾಬಿಗೆ ಕಳಿಸಿದ ಪತ್ರದಲ್ಲೂ ಇದೆಯಾ, ಸಾಮಾನು ಕೋರ್ಟಿಗೆ ತಲುಪಿದ ತಾರೀಕು ಯಾವುದು. ಹಿಡಿದ ಬಾಟಲಿ ಮತ್ತು ಲ್ಯಾಬಿನಲ್ಲಿ ಪರೀಕ್ಷೆ ಆದ ಬಾಟಲಿ ಒಂದೇ ಎಂದು ಪ್ರಾಸಿಕ್ಯೂಷನ್ ತೋರಿಸಬೇಕು. ಸೀಲಿನ ಸಾಲು ಇಲ್ಲ ಎಂದು ಕೇರಳ ಹೈಕೋರ್ಟಿನಲ್ಲಿ ಬಿದ್ದುಹೋದ ಅಬ್ಕಾರಿ ಕೇಸುಗಳು ಎಷ್ಟೋ ಉಂಟು. ಇದು ಟೆಕ್ನಿಕಲ್ ತಪ್ಪು ಹಿಡಿದು ತಪ್ಪಿಸಿಕೊಳ್ಳುವುದಲ್ವಾ ಎಂದು ನನ್ನ ಕ್ಲಾಸ್‌ಮೇಟ್ ಒಬ್ಬ ಕೇಳಿದ್ದ. ಬಾಟಲಿ ಬದಲಾಗಿ ನಿನ್ನ ಮೇಲೆ ಬಂದರೆ ಎಂದು ಕೇಳಿದೆ.

ಗುಟ್ಟಿನ ವಿಷಯ ಚಿಕ್ಕದಾಗಿ. ಕಕ್ಷಿದಾರ ವಕೀಲರ ಹತ್ತಿರ ಹೇಳಿದ್ದು ಹೊರಗೆ ಹೋಗಬಾರದು. ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಈ ಕಟ್ಟನ್ನು ದುಭಾಷಿಗಳಿಗೆ, ವಕೀಲರ ಗುಮಾಸ್ತರಿಗೆ, ನೌಕರರಿಗೆ ಕೂಡ ಹಾಕಿದೆ. ಹಾಗಾಗಿ ವರಾಂಡದಲ್ಲಿ ತರ್ಜುಮೆ ಮಾಡಿದ ನೀವು ಸಂಜೆ ಕುಂಬಳೆಯ ಹೋಟೆಲಿನಲ್ಲಿ ಗೆಳೆಯರಿಗೆ ಆ ಕತೆ ಹೇಳುವ ಹಾಗಿಲ್ಲ. ಊರು ಸಣ್ಣದು, ಹೆಸರು ಹೇಳದಿದ್ದರೂ ಯಾರೆಂದು ಪಕ್ಕದ ಟೇಬಲಿನವರಿಗೆ ಗೊತ್ತಾಗುತ್ತದೆ. ಜೈಲಿನ ಗೇಟಿನ ಮುಂದೆ ಸೆಲ್ಫಿ ತೆಗೆದು ಸ್ಟೇಟಸ್ ಹಾಕುವವರಿಗೆ ನಾನು ಹೇಳುವುದೇನೂ ಇಲ್ಲ.

ಅರ್ಜಿ ಹಾಕುವುದು ಸುಲಭ. ಕಾಲೇಜಿನಿಂದ ಒಂದು ಪತ್ರ, ಗುರುತಿನ ಚೀಟಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯವರಿಗೆ ಒಂದು ಕೋರಿಕೆ. ಡಿಫೆನ್ಸ್ ಕೌನ್ಸೆಲ್ ಆಫೀಸಿನಲ್ಲಿ ಕಲಿಯಬೇಕು ಎಂದು ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಬರೀ ಶಿಬಿರ, ಜಾಥಾ, ಬ್ಯಾನರ್ ಹಿಡಿಯುವುದರಲ್ಲಿ ನಾಲ್ಕು ವಾರ ಮುಗಿಯಬಹುದು. ಬೇಸಿಗೆ ರಜೆಯಲ್ಲಿ ಹಲವು ಕೋರ್ಟುಗಳಲ್ಲಿ ಕಲಾಪ ಕಮ್ಮಿ, ಹಾಗಾಗಿ ತಿಂಗಳು ಆರಿಸುವ ಮೊದಲು ಫೋನ್ ಮಾಡಿ ಕೇಳಿ. ಜೈಲಿಗೆ ಹೋಗಲು ಬೇರೆ ಅನುಮತಿ ಬೇಕು, ಅದು ಸಿಗಲು ಹೊತ್ತು ಹಿಡಿಯುತ್ತದೆ, ಬಂದ ದಿನವೇ ಕೇಳಿಬಿಡಿ. ಎಲ್ಲ ಕೋರ್ಟು ಸುತ್ತುವ ಆಸೆ ಬೇಡ, ಒಂದೇ ಕೋರ್ಟಿನಲ್ಲಿ ಕೂತು ಐದಾರು ಫೈಲುಗಳನ್ನು ತಾರೀಕಿನಿಂದ ತಾರೀಕಿಗೆ ಹಿಂಬಾಲಿಸಿ.

ಬಯೋಡೇಟಾದಲ್ಲಿ ಮೂಟ್ ಕೋರ್ಟಿನ (ಅಣಕು ಕೋರ್ಟಿನ) ಬಹುಮಾನ ಎಲ್ಲ ಆಮೇಲೆ ಬರಲಿ. ಮೊದಲ ಸಾಲಿನಲ್ಲಿ ಯಾವ ಯಾವ ಭಾಷೆ ಮಾತಾಡುತ್ತೀರಿ, ಯಾವುದನ್ನು ಓದುತ್ತೀರಿ ಎಂದು ಬರೆಯಿರಿ. ನಾನು ಅದನ್ನು ಬರೆದಿರಲಿಲ್ಲ. ನನಗೆ ತುಳು ಬರುತ್ತದೆ ಎಂದು ಸೀನಿಯರಿಗೆ ಗೊತ್ತಾದದ್ದು, ಪ್ರತಿ ಕೊಟ್ಟ ಆ ಮನುಷ್ಯನ ಪಕ್ಕ ಕೂತು ನಾನು ಚಹಾ ಕುಡಿಯುತ್ತಿದ್ದಾಗ.